ಮೊದಲ ರೂಪಾಯಿ ನೀರಿನ ದಾರಿಗೆ

ಕೊಳ್ಳುವಾಗ ಮುಂಬಾಗಿಲ ದಿಕ್ಕು ನೋಡುತ್ತೇವೆ, ಕಟ್ಟಿಸುವಾಗ ಟೈಲ್ಸಿನ ಬಣ್ಣ ಆರಿಸುತ್ತೇವೆ. ಮನೆಯ ಆಯುಸ್ಸು, ಬೆಲೆ, ನೆಮ್ಮದಿ ಮೂರನ್ನೂ ತೀರ್ಮಾನಿಸುವ ನೀರಿನ ನೆನಪಾಗುವುದು ಮಾತ್ರ ಸೂರು ಸೋರಿದ ಮೇಲೆ.

ಮಧ್ಯಮ ವರ್ಗದ ಕುಟುಂಬ ಜೀವಮಾನದಲ್ಲಿ ಒಮ್ಮೆ ಮಾಡುವ ದೊಡ್ಡ ಖರ್ಚೆಂದರೆ ಮನೆ. ಇಪ್ಪತ್ತು ವರ್ಷದ ಸಾಲಕ್ಕೆ ಸಹಿ ಹಾಕಿ, ಒಡವೆ ಅಡವಿಟ್ಟು, ಊರಿನ ಜಮೀನಿನ ಪಾಲು ಮಾರಿ ಕೂಡಿಸಿದ ಹಣ ಅದು. ಅಷ್ಟು ಕಷ್ಟಪಟ್ಟು ಕೂಡಿಸಿದ್ದು ಹೋಗುವುದು ಹೆಚ್ಚಾಗಿ ಕಣ್ಣಿಗೆ ಕಾಣುವ ಕಡೆಗೆ: ಎಲಿವೇಷನ್, ತೇಗದ ಬಾಗಿಲು, ಮಾಡ್ಯುಲರ್ ಅಡುಗೆಮನೆ, ಫಾಲ್ಸ್ ಸೀಲಿಂಗ್. ತಾರಸಿಯ ಇಳಿಜಾರು, ಮಳೆನೀರಿನ ಪೈಪು, ಬಚ್ಚಲು ನೆಲದಡಿಯ ವಾಟರ್‌ಪ್ರೂಫಿಂಗ್, ಮನೆ ಸುತ್ತಲಿನ ನೆಲದ ಓಟ ಇವುಗಳ ಸರದಿ ಬರುವ ಹೊತ್ತಿಗೆ ಕೈ ಬರಿದಾಗಿರುತ್ತದೆ. ಗೃಹಪ್ರವೇಶವಾಗಿ ಎರಡು ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಮಲಗುವ ಕೋಣೆಯ ಮೂಲೆಯಲ್ಲಿ ಬಣ್ಣ ಬೊಬ್ಬೆ ಏಳುತ್ತದೆ. ಪೇಂಟರ್ ಬಂದು ಕೆರೆದು ಪುಟ್ಟಿ ಹಾಕಿ ಹೋಗುತ್ತಾನೆ, ಮುಂದಿನ ವರ್ಷ ಅದೇ ಮೂಲೆಯಲ್ಲಿ ಅದೇ ಬೊಬ್ಬೆ ಮತ್ತೆ ಏಳುತ್ತದೆ.

ಈ ಲೇಖನ ಹೇಳಹೊರಟಿರುವುದು ಒಂದೇ ಮಾತು. ಸೈಟು ಅಥವಾ ಫ್ಲ್ಯಾಟ್ ಕೊಳ್ಳುವವರಿರಲಿ, ಇರುವ ಮನೆಯನ್ನು ಕಾಪಾಡಿಕೊಳ್ಳುವವರಿರಲಿ, ಹಳೆಯದನ್ನು ಹೊಸದು ಮಾಡಹೊರಟವರಿರಲಿ, ಮೊದಲ ರೂಪಾಯಿಯನ್ನು ನೀರಿನ ದಾರಿಗೆ ತೆಗೆದಿಡಬೇಕು. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಗುವವರೆಗೆ ಉಳಿದ ಯಾವ ಖರ್ಚೂ ಭದ್ರವಲ್ಲ. ಸಾಮಾನ್ಯ ಮನೆಗಳಲ್ಲಿ ಪದೇಪದೇ ರಿಪೇರಿಗೆ ಬರುವುದನ್ನು ಪಟ್ಟಿ ಮಾಡಿದರೆ ಇದು ತಾನೇ ಗೊತ್ತಾಗುತ್ತದೆ. ಸೋರುವ ಸೂರು, ಉದುರುವ ಗಾರೆ, ಉಬ್ಬಿದ ಬಾಗಿಲು, ತುಕ್ಕು ಹಿಡಿದ ಕಂಬಿ, ಬೂಷ್ಟು, ಗೆದ್ದಲು, ಶಾರ್ಟ್ ಸರ್ಕ್ಯೂಟ್, ಪಾಯ ಕುಸಿದು ಬಿಟ್ಟ ಬಿರುಕು: ಬೇರೆ ಬೇರೆಯಾಗಿ ಕಾಣುವ ಈ ಕಾಯಿಲೆಗಳಲ್ಲಿ ಬಹುಪಾಲಿನ ಬೇರು ಇರುವುದು ಹೋಗಬಾರದ ಕಡೆ ಹೋದ ನೀರಿನಲ್ಲಿ.

ಕಾಗದಕ್ಕಿಂತ ಮೊದಲು ನೆಲ

ಆಸ್ತಿ ಖರೀದಿ ಎಂದೊಡನೆ ನಮಗೆ ನೆನಪಾಗುವುದು ಕಾಗದಪತ್ರ. ಮೂಲಪತ್ರ, ಋಣಭಾರ ಪ್ರಮಾಣಪತ್ರ, ಖಾತೆ, ತೆರಿಗೆ ರಸೀದಿ, ಭೂಪರಿವರ್ತನೆ ಆದೇಶ, ನಕ್ಷೆ ಮಂಜೂರಾತಿ ಇವೆಲ್ಲವನ್ನೂ ವಕೀಲರಿಂದ ನೋಡಿಸುವುದು ಬೇಕೇ ಬೇಕು, ಅದರಲ್ಲಿ ರಾಜಿ ಇಲ್ಲ. ಆದರೆ ಕಾಗದ ಹೇಳುವುದು ಮಾರುವವರಿಗೆ ಹಕ್ಕಿದೆಯೇ ಎಂಬುದನ್ನು. ಆ ಜಾಗದಲ್ಲಿ ನೀರಿಗೂ ಹಕ್ಕಿದೆಯೇ ಎಂಬುದನ್ನು ನೆಲವೇ ಹೇಳಬೇಕು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಸರ್ಜಾಪುರ ರಸ್ತೆ, ಯಮಲೂರು ಭಾಗಗಳಲ್ಲಿ ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳಿಂದ ಜನರನ್ನು ಟ್ರ್ಯಾಕ್ಟರಿನಲ್ಲಿ, ದೋಣಿಯಲ್ಲಿ ಹೊರಗೆ ತಂದರು. ಮನೆಗಳ ಬೆಲೆಯಾಗಲಿ ಒಳಾಂಗಣದ ಅಂದವಾಗಲಿ ಆ ದಿನ ಕೆಲಸಕ್ಕೆ ಬರಲಿಲ್ಲ. ಬೆಂಗಳೂರು ಎತ್ತರದ ದಿಬ್ಬದ ಮೇಲಿರುವ ಊರು. ಇಲ್ಲಿ ಬಿದ್ದ ಮಳೆ ಕಣಿವೆಗಳಲ್ಲಿ ಇಳಿದು, ಒಂದು ಕೆರೆ ತುಂಬಿ ಕೋಡಿ ಬಿದ್ದ ಮೇಲೆ ರಾಜಕಾಲುವೆ ಹಿಡಿದು ಮುಂದಿನ ಕೆರೆಗೆ ಹೋಗುವಂತೆ ಹಿರಿಯರು ಸರಪಳಿ ಕಟ್ಟಿದ್ದರು. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ಕೆರೆ ಹೋದರೂ ನೆಲದ ತಗ್ಗು ಹೋಗಲಿಲ್ಲ. ದೊಡ್ಡ ಮಳೆ ಬಂದಾಗಲೆಲ್ಲ ನೀರು ಅದೇ ತಗ್ಗಿಗೆ ಹರಿದು ಬರುತ್ತದೆ.

ಹಾಗಾಗಿ ಕೊಳ್ಳುವ ಮುನ್ನ ಸರ್ವೆ ನಂಬರನ್ನು ಹಿಡಿದು ಹಿಂದಕ್ಕೆ ಹೋಗಬೇಕು. ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ಸಿಗುತ್ತದೆ, ಅಕ್ಕಪಕ್ಕದ ಸರ್ಕಾರಿ ಜಮೀನು, ಕೆರೆಯ ಎಲ್ಲೆಯೂ ಕಾಣುತ್ತದೆ. ಕಂದಾಯ ಇಲಾಖೆಯ ಗ್ರಾಮ ನಕ್ಷೆ ತೆಗೆಸಿ ನೋಡಿದರೆ ಕೆರೆ, ಹಳ್ಳ, ಕಾಲುವೆ, ಬಂಡಿದಾರಿಗಳ ಗುರುತು ಇರುತ್ತದೆ. ಬಡಾವಣೆಯ ಬ್ರೋಷರ್‌ನಲ್ಲಿ ಉದ್ಯಾನ ಎಂದು ಹಸಿರು ಬಳಿದ ಜಾಗ ಆ ನಕ್ಷೆಯಲ್ಲಿ ಹಳ್ಳವಾಗಿರಬಹುದು. ಪಹಣಿಯಲ್ಲಿ ಒಟ್ಟು ವಿಸ್ತೀರ್ಣದ ಜೊತೆಗೆ ಖರಾಬು ‘ಎ’, ಖರಾಬು ‘ಬಿ’ ಎಂದು ಬೇರೆ ಲೆಕ್ಕ ಇರುತ್ತದೆ. ‘ಬಿ’ ಖರಾಬು ಎಂದರೆ ದಾರಿ, ಹಳ್ಳ, ಕೆರೆಯಂಥ ಸಾರ್ವಜನಿಕ ಬಳಕೆಗೆಂದು ಬಿಟ್ಟ ನೆಲ. ಕೊಳ್ಳುವ ಸೈಟು ಆ ಭಾಗದ ಮೇಲೆ ಬರುತ್ತದೆಯೇ ಎಂದು ಸರ್ವೆಯರ್‌ನಿಂದ ಅಳತೆ ಮಾಡಿಸಿ ತಿಳಿಯುವುದಕ್ಕೆ ಆಗುವ ಖರ್ಚು ನೋಂದಣಿ ಖರ್ಚಿನ ಮುಂದೆ ಬಹಳ ಸಣ್ಣದು.

ಬಫರ್ ವಲಯದ ಮಾತೂ ಇಲ್ಲೇ ಬರುತ್ತದೆ. ಬೆಂಗಳೂರಿನ 2015ರ ಪರಿಷ್ಕೃತ ಮಹಾನಕ್ಷೆ ಕೆರೆಯಂಚಿನಿಂದ 30 ಮೀಟರ್, ಪ್ರಥಮ, ದ್ವಿತೀಯ, ತೃತೀಯ ದರ್ಜೆಯ ರಾಜಕಾಲುವೆಗಳಿಗೆ ಕ್ರಮವಾಗಿ 50, 25, 15 ಮೀಟರ್ ಬಿಡಬೇಕೆಂದಿತ್ತು. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದನ್ನು ಹೆಚ್ಚಿಸಿ ಕೆರೆಗೆ 75 ಮೀಟರ್ ಎಂದಿತು. 2019ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಮಾಡಿತು. ನಿಯಮ ಮುಂದೆಯೂ ಬದಲಾಗಬಹುದು, ಆದ್ದರಿಂದ ಖರೀದಿಯ ದಿನಕ್ಕೆ ಯಾವುದು ಜಾರಿಯಲ್ಲಿದೆ ಎಂದು ಯೋಜನಾ ಪ್ರಾಧಿಕಾರದಲ್ಲೇ ಕೇಳಬೇಕು. ಆದರೆ ಮನೆ ಮಾಲೀಕರು ನಿಯಮದ ಅಂಚಿನಲ್ಲಿ ನಿಂತು ಲೆಕ್ಕ ಹಾಕಬಾರದು. ಕಾನೂನು 15 ಮೀಟರ್ ಸಾಕೆಂದರೂ ನೆಲ ತಗ್ಗಾಗಿದ್ದರೆ ನೀರು ಒಳಗೆ ಬರುತ್ತದೆ. ಜಾಗ ನೋಡಲು ಬೇಸಿಗೆಯ ಭಾನುವಾರದ ಬದಲು ದೊಡ್ಡ ಮಳೆ ಬಂದ ಮರುದಿನ ಹೋಗುವುದು ಮೇಲು. ಅಕ್ಕಪಕ್ಕದ ಕಾಂಪೌಂಡ್ ಗೋಡೆಯ ಮೇಲೆ ಕೆಸರಿನ ಗೆರೆ ಎಷ್ಟೆತ್ತರಕ್ಕಿದೆ, ರಸ್ತೆಯ ಮಟ್ಟ ಮನೆಗಳ ಹೊಸ್ತಿಲಿಗಿಂತ ಮೇಲಿದೆಯೇ, ಬಾಗಿಲಿಗೆ ಅಡ್ಡಲಾಗಿ ಕಟ್ಟೆ ಕಟ್ಟಿಕೊಂಡವರಿದ್ದಾರೆಯೇ ಎಂದು ನೋಡಿದರೆ ಬ್ರೋಕರ್ ಹೇಳದ ಇತಿಹಾಸ ತಿಳಿಯುತ್ತದೆ. ಬೀದಿಯ ಮೂಲೆಯ ಕಿರಾಣಿ ಅಂಗಡಿಯವರನ್ನು ಕೇಳಿದರೂ ಯಾವ ವರ್ಷ ಎಲ್ಲಿಯವರೆಗೆ ನೀರು ಬಂದಿತ್ತೆಂದು ಹೇಳುತ್ತಾರೆ.

ಕಟ್ಟಿ ಮುಗಿದ ಮನೆ ಅಥವಾ ಫ್ಲ್ಯಾಟ್ ಕೊಳ್ಳುವವರಿಗೆ ಪರೀಕ್ಷೆ ಬೇರೆ. ಹೊಸದಾಗಿ ಬಣ್ಣ ಹೊಡೆದ ಹಳೆ ಮನೆಯಲ್ಲಿ ಗೋಡೆ ನೋಡಿ ಪ್ರಯೋಜನವಿಲ್ಲ. ಕಪಾಟಿನ ಹಿಂಬದಿ, ಸಿಂಕ್ ಕೆಳಗಿನ ಮೂಲೆ, ಮೆಟ್ಟಿಲ ತಳ, ಬಚ್ಚಲಿನ ಹೊರಗೋಡೆ, ಮೇಲಿನ ಟ್ಯಾಂಕಿನ ಅಡಿ ಇಂಥ ಕಡೆ ಬಣ್ಣ ತಲುಪಿರುವುದಿಲ್ಲ, ತೇವದ ಗುರುತು ಉಳಿದಿರುತ್ತದೆ. ಹೊಸ ಫ್ಲ್ಯಾಟಿನವರಿಗೆ ಕಾನೂನಿನ ಆಸರೆಯೂ ಇದೆ. 2016ರ ರೇರಾ ಕಾಯ್ದೆಯ ಸೆಕ್ಷನ್ 14(3)ರ ಪ್ರಕಾರ ಮನೆ ಕೈಗೆ ಬಂದ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲಿ, ಕೆಲಸದ ಗುಣಮಟ್ಟದಲ್ಲಿ ಅಥವಾ ಸೌಲಭ್ಯಗಳಲ್ಲಿ ದೋಷ ಕಂಡು ತಿಳಿಸಿದರೆ, ಬಿಲ್ಡರ್ 30 ದಿನದೊಳಗೆ ತನ್ನ ಖರ್ಚಿನಲ್ಲಿ ಸರಿಪಡಿಸಬೇಕು. ಬಚ್ಚಲಿನಿಂದ ಕೆಳಮನೆಗೆ ಇಳಿಯುವ ನೀರು, ಹೊರಗೋಡೆಯ ಸೋರಿಕೆ ಇವನ್ನೂ ಈ ಸೆಕ್ಷನ್ನಿನಡಿ ಕೇಳಬಹುದು. ಕೇಳುವುದನ್ನು ಬಾಯಿಮಾತಿನಲ್ಲಿ ಬಿಡದೆ, ಫೋಟೊ ಮತ್ತು ದಿನಾಂಕದೊಡನೆ ಬರಹದಲ್ಲಿ ಕೇಳಬೇಕು. ಐದು ವರ್ಷ ಕಳೆದ ಮೇಲೆ ಆ ಖರ್ಚು ನಿವಾಸಿಗಳ ಸಂಘದ ತಲೆಗೇ ಬರುತ್ತದೆ.

ತಾರಸಿಯ ಮೇಲೆ ಒಂದು ಗಂಟೆ

ಕಾಪಾಡುವ ಕೆಲಸ ಶುರುವಾಗುವುದು ತಾರಸಿಯಿಂದ. ಕಾಂಕ್ರೀಟು ಕಲ್ಲಿನಂತೆ ಕಂಡರೂ ಅದರೊಳಗೆ ಕಣ್ಣಿಗೆ ಕಾಣದ ರಂಧ್ರಗಳಿವೆ. ನಿಂತ ನೀರು ನಿಧಾನವಾಗಿ ಅವುಗಳಲ್ಲಿಳಿದು ಕಂಬಿಯನ್ನು ಮುಟ್ಟುತ್ತದೆ. ಕಂಬಿ ತುಕ್ಕು ಹಿಡಿದರೆ ಆ ತುಕ್ಕಿಗೆ ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಕು. ಜಾಗ ಸಾಲದೆ ಅದು ಸುತ್ತಲಿನ ಕಾಂಕ್ರೀಟನ್ನು ಒಳಗಿನಿಂದ ಸೀಳುತ್ತದೆ. ಸಜ್ಜಾದ ಅಡಿಯಲ್ಲಿ, ಬಾಲ್ಕನಿಯ ಅಂಚಿನಲ್ಲಿ ಉದ್ದಕ್ಕೆ ಗೆರೆ ಎಳೆದಂಥ ಬಿರುಕು ಬಿಟ್ಟು ಕಂದು ಬಣ್ಣದ ಕಲೆ ಇಳಿದಿದ್ದರೆ ಒಳಗೆ ಕಂಬಿ ತುಕ್ಕು ಹಿಡಿಯುತ್ತಿದೆ ಎಂದೇ ಅರ್ಥ. ಆ ಹಂತದಲ್ಲಿ ಸಡಿಲ ಕಾಂಕ್ರೀಟು ತೆಗೆದು, ತುಕ್ಕು ಉಜ್ಜಿ, ಕಂಬಿಗೆ ರಕ್ಷಣೆಯ ಲೇಪ ಕೊಟ್ಟು ಮತ್ತೆ ತುಂಬಿಸಿದರೆ ಕೆಲಸ ಚಿಕ್ಕದರಲ್ಲಿ ಮುಗಿಯುತ್ತದೆ. ಮೇಲೆ ಗಾರೆ ಮೆತ್ತಿ ಮುಚ್ಚಿದರೆ ಕೆಲ ವರ್ಷದಲ್ಲಿ ಹೋಳು ಹೋಳಾಗಿ ತಲೆಯ ಮೇಲೆ ಬೀಳುತ್ತದೆ.

ವರ್ಷಕ್ಕೆರಡು ಸಲ, ಏಪ್ರಿಲ್ ಕೊನೆಯಲ್ಲಿ ಮುಂಗಾರು ಪೂರ್ವ ಮಳೆಗೆ ಮುಂಚೆ ಒಮ್ಮೆ, ಹಿಂಗಾರು ಮುಗಿದ ಮೇಲೆ ಡಿಸೆಂಬರಿನಲ್ಲಿ ಇನ್ನೊಮ್ಮೆ, ತಾರಸಿಯಲ್ಲಿ ಒಂದು ಗಂಟೆ ಕಳೆದರೆ ಸಾಕು. ಮೊದಲು ಕಸ ಗುಡಿಸಿ, ಮಳೆನೀರು ಪೈಪಿನ ಬಾಯಿ ನೋಡಬೇಕು. ಒಣಗಿದ ಎಲೆ, ಪಾರಿವಾಳದ ಗೂಡಿನ ಕಡ್ಡಿ, ಹೂಕುಂಡದಿಂದ ಹರಿದ ಮಣ್ಣು ಅಲ್ಲಿ ಅಂಟಿ ಕೂತಿರುತ್ತವೆ. ಸೋರುವ ಎಷ್ಟೋ ಮನೆಗಳ ರೋಗ ಈ ಒಂದು ಬಾಯಿಯಲ್ಲಿದೆ. ಆ ಬಾಯಿಗೆ ಜಾಲರಿ ಇರಲಿ, ಮತ್ತು ಒಂದು ಕಟ್ಟಿಕೊಂಡರೆ ಇನ್ನೊಂದು ಹರಿಯುವಂತೆ ಕನಿಷ್ಠ ಎರಡು ಬಾಯಿಗಳಿರಲಿ. ಬಳಿಕ ನಾಲ್ಕೈದು ಬಕೆಟ್ ನೀರು ಸುರಿದು ಹರಿವು ಗಮನಿಸಬೇಕು. ಹತ್ತಡಿಗೆ ಒಂದು ಇಂಚಿಗಿಂತ ತುಸು ಹೆಚ್ಚು ಇಳಿಜಾರಿದ್ದರೆ ನೀರು ತಾನಾಗಿ ಓಡುತ್ತದೆ. ಅರ್ಧ ಗಂಟೆಯಾದರೂ ನಿಂತ ಗುಂಡಿಗಳಿಗೆ ಸೀಮೆಸುಣ್ಣದಿಂದ ಸುತ್ತು ಹಾಕಿಟ್ಟರೆ ಮೇಸ್ತ್ರಿಗೆ ಎಲ್ಲಿ ಇಳಿಜಾರು ತಿದ್ದಬೇಕೆಂದು ತೋರಿಸುವುದು ಸುಲಭ. ಮೂರನೆಯದಾಗಿ, ತಾರಸಿಯ ನೆಲವೂ ಪ್ಯಾರಾಪೆಟ್ ಗೋಡೆಯೂ ಸೇರುವ ಕೀಲು. ಬಿಸಿಲಿಗೆ ಮೋಲ್ಡು ಹಿಗ್ಗಿ ರಾತ್ರಿ ಕುಗ್ಗುವಾಗ ಮೊದಲು ಬಾಯಿ ಬಿಡುವುದು ಈ ಕೀಲು. ಅಲ್ಲಿ ಗಾರೆಯನ್ನು ದುಂಡಗೆ ತಿರುಗಿಸಿ, ವಾಟರ್‌ಪ್ರೂಫ್ ಲೇಪವನ್ನು ಗೋಡೆಯ ಮೇಲೆ ಒಂದಡಿಯಷ್ಟು ಹತ್ತಿಸಬೇಕು. ಸೋಲಾರ್ ಹೀಟರ್, ಡಿಶ್ ಆಂಟೆನಾ, ಬಟ್ಟೆ ಒಣಹಾಕುವ ಕಂಬಗಳಿಗೆ ಡ್ರಿಲ್ ಹೊಡೆದ ತೂತುಗಳನ್ನು ಒಂದೊಂದಾಗಿ ನೋಡಬೇಕು. ನೆಲಕ್ಕೆ ತೂತು ಹೊಡೆಯುವ ಬದಲು ಕಾಂಕ್ರೀಟು ದಿಂಬಿನ ಮೇಲೆ ನಿಲ್ಲಿಸುವಂತೆ ಮೊದಲೇ ಹೇಳಿದರೆ ಈ ತಾಪತ್ರಯವೇ ಇಲ್ಲ.

ಹೊಸದಾಗಿ ಕಟ್ಟಿಸುವವರ ಕೈಯಲ್ಲಿ ಇನ್ನೊಂದು ಕೆಲಸವಿದೆ, ಅದಕ್ಕೆ ಬಹುತೇಕ ಖರ್ಚೇ ಇಲ್ಲ. ಮೋಲ್ಡು ಹಾಕಿದ ಮೇಲೆ ನೀರು ಕಟ್ಟಿ ನಿಲ್ಲಿಸುವುದರಲ್ಲಿ ಆತುರ ಬೇಡ. ಐಎಸ್ 456 ಮಾನಕದ ಪ್ರಕಾರ ಸಾಧಾರಣ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆಸಿದ ಪಿಪಿಸಿ ಮಾದರಿಯದಕ್ಕೆ ಕನಿಷ್ಠ 10 ದಿನ ಕ್ಯೂರಿಂಗ್ ಆಗಬೇಕು. ಈಗ ಮನೆ ಕಟ್ಟಲು ಹೆಚ್ಚಾಗಿ ಬಳಕೆಯಾಗುವುದು ಪಿಪಿಸಿಯೇ. ಆ ಹತ್ತು ದಿನದಲ್ಲಿ ಕದ್ದ ದಿನಗಳು ಮುಂದೆ ಸಣ್ಣ ಬಿರುಕುಗಳಾಗಿ ಹೊರಬರುತ್ತವೆ. ಬಚ್ಚಲಿನ ತಗ್ಗು ಮೋಲ್ಡಿಗೆ ವಾಟರ್‌ಪ್ರೂಫಿಂಗ್ ಆದ ಮೇಲೆ ಎರಡು ದಿನ ನೀರು ನಿಲ್ಲಿಸಿ, ಕೆಳಗಿನ ಸೀಲಿಂಗ್ ಒಣಗಿಯೇ ಇದೆ ಎಂದು ಕಂಡ ಬಳಿಕವೇ ಟೈಲ್ಸ್ ಹಾಕಲು ಒಪ್ಪಿಗೆ ಕೊಡಬೇಕು. ಟೈಲ್ಸ್ ಮುಚ್ಚಿದ ಮೇಲೆ ತಪ್ಪು ಹುಡುಕುವುದೆಂದರೆ ಇಡೀ ಬಚ್ಚಲನ್ನು ಒಡೆಯುವುದೇ.

ತೇವ ಎಲ್ಲಿಂದ ಬಂತು?

ತೇವ ಕಂಡಾಗ ಜನ ಮೊದಲು ಕರೆಯುವುದು ಪೇಂಟರನ್ನು. ಕರೆಯಬೇಕಾದದ್ದು ಮೂಲ ಹುಡುಕುವವರನ್ನು, ಮತ್ತು ಅರ್ಧ ಹುಡುಕಾಟವನ್ನು ಮನೆಯವರೇ ಮಾಡಬಹುದು. ಸೀಲಿಂಗಿನಲ್ಲಿ ಮಳೆ ಬಂದಾಗ ಮಾತ್ರ ಕಾಣುವ ಕಲೆಗೆ ತಾರಸಿ ಕಾರಣ. ಮಳೆಯಿಲ್ಲದಾಗಲೂ ಹಸಿಯಾಗಿದ್ದರೆ ಮೇಲಿನ ಬಚ್ಚಲು ಅಥವಾ ಪೈಪು ಕಾರಣ. ನೆಲದಿಂದ ಎರಡು ಮೂರು ಅಡಿಯವರೆಗೆ ಮಾತ್ರ ಗೋಡೆ ಉದುರಿ ಬಿಳಿ ಉಪ್ಪು ಹೊರಬಿದ್ದಿದ್ದರೆ ನೀರು ನೆಲದಿಂದ ಮೇಲೇರುತ್ತಿದೆ, ಪಾಯದ ಮೇಲೆ ತೇವ ತಡೆಯುವ ಡಿಪಿಸಿ ಪದರ ಸರಿಯಿಲ್ಲ ಅಥವಾ ಹೊರಗಿನ ಮಣ್ಣು ಅದಕ್ಕಿಂತ ಎತ್ತರಕ್ಕೆ ಬಂದಿದೆ. ಯಾವುದೆಂದು ತಿಳಿಯದಿದ್ದರೆ ಒಂದಡಿ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಟೇಪಿನಿಂದ ಅಂಟಿಸಿ ಎರಡು ದಿನ ಬಿಡಬೇಕು. ಹಾಳೆಯ ಹಿಂದೆ ಹನಿ ಕಟ್ಟಿದರೆ ತೇವ ಗೋಡೆಯೊಳಗಿನದು, ಮುಂದೆ ಕಟ್ಟಿದರೆ ಕೋಣೆಯ ಗಾಳಿಯದು. ಎರಡನೆಯದಕ್ಕೆ ಕಿಟಕಿ ತೆರೆದರೆ, ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಸಾಕು. ಫ್ಲ್ಯಾಟುಗಳಲ್ಲಿ ಮೇಲಿನ ಮನೆ ಕೆಳಗಿನ ಮನೆ ಜಗಳವಾಡುವ ಮುನ್ನ ಬಣ್ಣ ಬೆರೆಸಿದ ನೀರನ್ನು ಬಚ್ಚಲಿನಲ್ಲಿ ಬಿಟ್ಟು ಕೆಳಗೆ ಬಣ್ಣ ಬರುತ್ತದೆಯೇ ನೋಡುವುದು ಎರಡೂ ಮನೆಯವರ ಸ್ನೇಹಕ್ಕೆ ಒಳ್ಳೆಯದು.

ಕಾಣದ ಸೋರಿಕೆಗೆ ಮೀಟರೇ ಸಾಕ್ಷಿ. ರಾತ್ರಿ ಎಲ್ಲ ನಲ್ಲಿಗಳನ್ನೂ ಸಂಪಿನ ಒಳಹರಿವನ್ನೂ ಮುಚ್ಚಿ, ಮೀಟರಿನ ಅಂಕಿ ಬರೆದಿಟ್ಟು, ಸರಬರಾಜು ಇರುವ ಹೊತ್ತಿನಲ್ಲಿ ಎರಡು ಗಂಟೆ ಬಿಟ್ಟು ನೋಡಿದಾಗ ಅಂಕಿ ಓಡಿದ್ದರೆ ಎಲ್ಲೋ ಪೈಪು ಒಡೆದಿದೆ. ಸಂಪಿಗೂ ಇದೇ ಪರೀಕ್ಷೆ: ಒಳಹರಿವು ಮುಚ್ಚಿ, ನೀರಿನ ಮಟ್ಟಕ್ಕೆ ಗುರುತು ಹಾಕಿ, ಬೆಳಿಗ್ಗೆ ನೋಡಬೇಕು. ಸಂಪಿನಿಂದ ಸೋರಿದ ನೀರು ಸುಮ್ಮನೆ ಮಾಯವಾಗುವುದಿಲ್ಲ, ಪಾಯದಡಿಯ ಮಣ್ಣನ್ನು ಮೆದುಮಾಡುತ್ತದೆ. ಸೆಕೆಂಡಿಗೊಂದು ಹನಿ ತೊಟ್ಟಿಕ್ಕುವ ನಲ್ಲಿಯೂ ದಿನಕ್ಕೆ ಸುಮಾರು 20 ಲೀಟರ್ ಕಳೆಯುತ್ತದೆ. ಅದನ್ನು ನಿಲ್ಲಿಸುವ ವಾಷರ್‌ನ ಬೆಲೆ ಕೆಲವೇ ರೂಪಾಯಿ.

ಮಣ್ಣು ಬದಲಾದರೆ ಮದ್ದೂ ಬದಲು

ನೀರು ಎಲ್ಲ ಕಡೆ ಒಂದೇ ರೀತಿ ವರ್ತಿಸುವುದಿಲ್ಲ ಎಂಬುದನ್ನು ಕರ್ನಾಟಕದಷ್ಟು ಚೆನ್ನಾಗಿ ತೋರಿಸುವ ರಾಜ್ಯ ಕಡಿಮೆ. ವಿಜಯಪುರ, ಗದಗ, ಹುಬ್ಬಳ್ಳಿ ಸುತ್ತಿನ ಎರೆಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಕೈ ತೂರುವಷ್ಟು ಬಿರಿಯುತ್ತದೆ. ಅದರ ಮೇಲೆ ಕೂತ ಪಾಯ ಪ್ರತಿ ವರ್ಷ ಮೇಲೆ ಕೆಳಗೆ ಅಲುಗಾಡಿ, ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಬಿಡುತ್ತದೆ. ಇಂಥ ನೆಲಕ್ಕೆ ತಳದಲ್ಲಿ ದಪ್ಪನಾಗಿ ಉಬ್ಬಿದ ಅಂಡರ್‌ರೀಮ್ಡ್ ಪೈಲ್ ಪಾಯವನ್ನು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ರೂಪಿಸಿಕೊಟ್ಟಿದೆ. ಆಳದಲ್ಲಿ ತೇವ ಬದಲಾಗದ ಪದರಕ್ಕೆ ಅದು ಭಾರವನ್ನು ದಾಟಿಸುತ್ತದೆ. ಮನೆ ಆಗಲೇ ಕಟ್ಟಿದ್ದರೆ ಸುತ್ತಲೂ ನಾಲ್ಕಡಿ ಅಗಲದ ಕಾಂಕ್ರೀಟು ಪಟ್ಟಿಯನ್ನು ಹೊರಕ್ಕೆ ಇಳಿಜಾರಾಗಿ ಹಾಕಿ, ಬಚ್ಚಲ ನೀರು ಗೋಡೆಯ ಬುಡದಲ್ಲಿ ಇಂಗದಂತೆ ದೂರ ಒಯ್ಯಬೇಕು. ಗೋಡೆಗೆ ಅಂಟಿಕೊಂಡಂತೆ ದೊಡ್ಡ ಮರ ಬೆಳೆಸುವುದೂ ಇಲ್ಲಿ ಅಪಾಯ, ಬೇರು ಬೇಸಿಗೆಯಲ್ಲಿ ಪಾಯದಡಿಯ ತೇವವನ್ನು ಹೀರುತ್ತದೆ. ಇಂಗುಗುಂಡಿ ಬೆಂಗಳೂರಿನ ಕೆಂಪು ಮಣ್ಣಿಗೆ ಒಳ್ಳೆಯದೆಂದು ಎರೆಯಲ್ಲಿ ಮನೆಗಂಟಿ ತೋಡಿದರೆ ಅದೇ ಮುಳುವಾಗುತ್ತದೆ. ಅಲ್ಲಿ ಮಳೆನೀರನ್ನು ತೊಟ್ಟಿಯಲ್ಲಿ ತುಂಬಿಡುವುದೇ ಸರಿ.

ಕರಾವಳಿಯಲ್ಲಿ ವರ್ಷದ ಮಳೆ 3,500 ಮಿ.ಮೀ. ದಾಟುತ್ತದೆ. ಅಲ್ಲಿನ ಹಿರಿಯರು ಕಡಿದಾದ ಹೆಂಚಿನ ಮಾಡು, ಉದ್ದಕ್ಕೆ ಚಾಚಿದ ಸೂರು ಇಟ್ಟದ್ದು ಗೋಡೆಯ ಮೇಲೆ ಮಳೆ ಬೀಳದಿರಲೆಂದು. ಚಪ್ಪಟೆ ಮೋಲ್ಡಿನ ಮನೆ ಕಟ್ಟಿ, ಸೋರಲು ಶುರುವಾದ ಮೇಲೆ ಅದರ ಮೇಲೊಂದು ಶೀಟಿನ ಮಾಡು ಹಾಕುವ ಎರಡು ಖರ್ಚಿಗಿಂತ, ಮೊದಲೇ ಇಳಿಜಾರು ಮಾಡು ಕಟ್ಟುವುದು ಅಗ್ಗ. ಕೊಡಗು, ಮಲೆನಾಡಿನಲ್ಲಿ ನೋಡಬೇಕಾದದ್ದು ಗುಡ್ಡದ ಬುಡ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಜಾರಿ ಮನೆಗಳು ಮಣ್ಣಾದವು. ಗುಡ್ಡವನ್ನು ಲಂಬವಾಗಿ ಕಡಿದು ಮಟ್ಟ ಮಾಡಿದ ಸೈಟಿನಲ್ಲಿ ಎಂಥ ನೋಟ ಕಂಡರೂ, ಮೇಲಿನಿಂದ ಇಳಿಯುವ ನೀರಿಗೆ ಬೇರೆ ದಾರಿ ಇದೆಯೇ, ತಡೆಗೋಡೆಯಲ್ಲಿ ನೀರು ಹೊರಬರಲು ರಂಧ್ರಗಳಿವೆಯೇ ಎಂದು ಎಂಜಿನಿಯರ್ ಒಪ್ಪುವವರೆಗೆ ಮುಂಗಡ ಕೊಡಬಾರದು.

ಬೀಳುವ ನೀರಿನ ಲೆಕ್ಕ

ಸುಧಾರಣೆಯೆಂದರೆ ಅಪಾಯ ತಪ್ಪಿಸುವುದಷ್ಟೇ ಆಗಬೇಕಿಲ್ಲ, ಅದೇ ನೀರನ್ನು ಆಸ್ತಿ ಮಾಡಿಕೊಳ್ಳಬಹುದು. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಬೆಂಗಳೂರಿನ ವರ್ಷದ ಸರಾಸರಿ ಮಳೆ 970 ಮಿ.ಮೀ. ಆಸುಪಾಸು. ಮೂವತ್ತು ನಲವತ್ತರ ಸೈಟಿನಲ್ಲಿ ಸಾವಿರ ಚದರಡಿ, ಅಂದರೆ 93 ಚದರ ಮೀಟರ್ ತಾರಸಿ ಇದ್ದರೆ ವರ್ಷಕ್ಕೆ ಬೀಳುವುದು ಸುಮಾರು 90,000 ಲೀಟರ್. ಆವಿ, ಮೊದಲ ಕೊಳೆ ನೀರು ಎಂದು ಐದರಲ್ಲೊಂದು ಭಾಗ ಕಳೆದರೂ 72,000 ಲೀಟರ್ ಉಳಿಯುತ್ತದೆ, ಅಂದರೆ 12,000 ಲೀಟರಿನ ಆರು ಟ್ಯಾಂಕರ್. ತಲೆಗೆ ದಿನಕ್ಕೆ 135 ಲೀಟರ್ ಎಂಬ ಸರ್ಕಾರಿ ಅಳತೆಯಲ್ಲಿ ನಾಲ್ಕು ಜನರ ಕುಟುಂಬಕ್ಕೆ ಇದು ನಾಲ್ಕು ತಿಂಗಳಿಗೂ ಮಿಕ್ಕ ನೀರು. ಕಾವೇರಿಯಿಂದ ಬರುವ ನೀರನ್ನಾದರೋ ಸುಮಾರು ನೂರು ಕಿಲೋಮೀಟರ್ ದೂರದಿಂದ ಮೇಲಕ್ಕೆ ಪಂಪು ಮಾಡಿ ತರಬೇಕು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ಟ್ಯಾಂಕರ್ ದರಕ್ಕೆ ಜಿಲ್ಲಾಡಳಿತವೇ ಮಿತಿ ಹಾಕಬೇಕಾಯಿತು, ಕಾರು ತೊಳೆಯಲು ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶಿಸಿತು.

ಇಷ್ಟು ನೀರನ್ನು ಹಿಡಿಯಲು ಬೇಕಾದ ಏರ್ಪಾಡು ಸರಳ. ತಾರಸಿಯ ಪೈಪುಗಳನ್ನೆಲ್ಲ ಒಂದೆಡೆ ಕೂಡಿಸಿ, ಮೊದಲ ಒಂದೆರಡು ಮಿಲಿಮೀಟರ್ ಮಳೆಯ ಧೂಳು ನೀರನ್ನು ಹೊರಗೆ ಬಿಡುವ ಕವಾಟ ಇಟ್ಟು, ಮುಂದಿನದನ್ನು ಫಿಲ್ಟರ್ ಮೂಲಕ ಸಂಪಿಗೆ ಇಳಿಸಬೇಕು. ಒಂದು ಇಂಚು ಮಳೆಗೆ ಈ ತಾರಸಿಯಿಂದ 2,300 ಲೀಟರ್ ಬರುತ್ತದೆ. ಮಳೆ ತಿಂಗಳುಗಳಲ್ಲಿ ಬಳಸಿದಂತೆ ಸಂಪು ಮತ್ತೆ ಮತ್ತೆ ತುಂಬುತ್ತದೆ. ಹೆಚ್ಚಾದದ್ದು ಇಂಗುಬಾವಿಗೆ ಹೋಗಲಿ: ಮೂರಡಿ ಅಗಲ, ಇಪ್ಪತ್ತಡಿ ಆಳ, ಒಳಗೆ ರಂಧ್ರವಿರುವ ಸಿಮೆಂಟ್ ಉಂಗುರಗಳು. ಇದನ್ನು ತೋಡುವ ಕೌಶಲ ಮಣ್ಣು ಒಡ್ಡರಲ್ಲಿ ತಲೆಮಾರುಗಳಿಂದ ಬಂದಿದೆ, ಬೆಂಗಳೂರಿಗೆ ಹತ್ತು ಲಕ್ಷ ಇಂಗುಬಾವಿ ಎಂಬ ಆಂದೋಲನದಿಂದ ಅವರಿಗೆ ಮತ್ತೆ ಕೆಲಸ ಸಿಗುತ್ತಿದೆ. ಬಾವಿ ಪಾಯದಿಂದ, ಶೌಚಗುಂಡಿಯಿಂದ ದೂರವಿರಬೇಕು. ತಾರಸಿ ನೀರನ್ನು ಒಳಚರಂಡಿಗೆ ಮಾತ್ರ ಬಿಡಲೇಬಾರದು. ದೊಡ್ಡ ಮಳೆಯಲ್ಲಿ ಮ್ಯಾನ್‌ಹೋಲ್ ಉಕ್ಕಿ ಕೊಳಚೆ ಬೀದಿಗೂ ಕೆಳಮಟ್ಟದ ಮನೆಗಳ ಬಚ್ಚಲಿಗೂ ನುಗ್ಗುವುದು ಈ ತಪ್ಪಿನಿಂದಲೇ. ವಿಜ್ಞಾನಿ ಎ.ಆರ್. ಶಿವಕುಮಾರ್ ಬೆಂಗಳೂರಿನ ವಿಜಯನಗರದ ತಮ್ಮ ‘ಸೌರಭ’ ಮನೆಯನ್ನು 1995ರಿಂದ ಮಳೆನೀರಿನ ಮೇಲೆಯೇ ನಡೆಸಿ ಇದು ಸಾಧ್ಯವೆಂದು ತೋರಿಸಿದ್ದಾರೆ. ಜಯನಗರದಲ್ಲಿ ಜಲಮಂಡಳಿಯ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಸುಗ್ಗಿ ಕೇಂದ್ರವಿದೆ, ಪೈಪಿನಿಂದ ಫಿಲ್ಟರಿನವರೆಗೆ ಮಾದರಿಗಳನ್ನು ಅಲ್ಲಿ ಕಣ್ಣಾರೆ ನೋಡಬಹುದು. 2009ರಿಂದ ಬೆಂಗಳೂರಿನಲ್ಲಿ ಮಳೆನೀರಿನ ಸಂಗ್ರಹ ಕಾನೂನೂ ಹೌದು.

ಆಕ್ಷೇಪಗಳಿಗೆ ಉತ್ತರ

ಇಷ್ಟೆಲ್ಲ ಹೇಳಿದ ಮೇಲೆ ಬರುವ ಮೊದಲ ಪ್ರಶ್ನೆ, ‘ನಗರದಲ್ಲಿ ಬೆಲೆ ಇರುವುದು ಜಾಗಕ್ಕೆ. ಮೂವತ್ತು ವರ್ಷದ ಕಟ್ಟಡವನ್ನು ಕೊಂಡವರು ಹೇಗೂ ಕೆಡವುತ್ತಾರೆ, ಅದಕ್ಕೇಕೆ ಹಣ ಸುರಿಯಬೇಕು?’ ಮಾತಿನಲ್ಲಿ ಸತ್ಯಾಂಶವಿದೆ, ಮಾರುವ ದಿನ ಜಾಗವೇ ಹೆಚ್ಚು ತೂಗುತ್ತದೆ. ಆದರೆ ಮಾರುವುದು ಒಂದು ದಿನ, ವಾಸಿಸುವುದು ಮೂವತ್ತು ವರ್ಷ. ಆ ಮೂವತ್ತು ವರ್ಷವೂ ಬೂಷ್ಟಿನ ಗಾಳಿ ಉಸಿರಾಡುವ ಮಕ್ಕಳ ಕೆಮ್ಮು, ಬಾಡಿಗೆದಾರ ಬಿಟ್ಟುಹೋದ ತಿಂಗಳುಗಳು, ವರ್ಷವರ್ಷ ಕೆರೆದು ಹೊಡೆಸಿದ ಬಣ್ಣ ಇವೆಲ್ಲ ಖರ್ಚೇ. ಕೆಡವುವ ನಿರ್ಧಾರವನ್ನು ಮಾಲೀಕರು ತಾವೇ ತೆಗೆದುಕೊಳ್ಳುವುದಕ್ಕೂ ತುಕ್ಕು ಹಿಡಿದ ಕಂಬಿ ಅವರ ಪರವಾಗಿ ತೆಗೆದುಕೊಳ್ಳುವುದಕ್ಕೂ ಬಹಳ ಅಂತರವಿದೆ.

‘ಜಲಮಂಡಳಿ ನೀರು ಅಗ್ಗ, ಮಳೆನೀರಿಗೆ ಹಾಕಿದ ಹಣ ಯಾವಾಗ ವಾಪಸು ಬಂದೀತು?’ ಎನ್ನುವವರ ಲೆಕ್ಕವೂ ತಪ್ಪಲ್ಲ. ವರ್ಷವಿಡೀ ನಲ್ಲಿ ಬರುವ ಮನೆಗೆ ಬಿಲ್ಲಿನ ಉಳಿತಾಯದಿಂದಲೇ ಅಸಲು ತೀರಲು ವರ್ಷಗಳು ಬೇಕು. ಆದರೆ ತಾರಸಿಯ ನೀರನ್ನು ಕೂಡಿಸಿ ಇಳಿಸುವ ಅದೇ ಪೈಪುಗಳು ಗೋಡೆಯನ್ನೂ ಪಾಯವನ್ನೂ ಒಣಗಿಡುತ್ತವೆ. ಬಿಲ್ಲಿನ ಲೆಕ್ಕದಲ್ಲಿ ಆ ರಿಪೇರಿ ಉಳಿತಾಯ ಕಾಣುವುದಿಲ್ಲ. ಟ್ಯಾಂಕರ್ ನಂಬಿದ ಹೊರವಲಯದ ಬಡಾವಣೆಗಳಲ್ಲಂತೂ ಲೆಕ್ಕ ಬೇಗ ಸರಿಹೋಗುತ್ತದೆ.

ಫ್ಲ್ಯಾಟಿನವರ ಆಕ್ಷೇಪ ಇನ್ನೂ ಗಟ್ಟಿ. ಸಾವಿರ ಚದರ ಮೀಟರ್ ತಾರಸಿಯ ಕೆಳಗೆ ನೂರು ಮನೆಗಳಿದ್ದರೆ ಒಂದು ಮನೆಗೆ ದಿನಕ್ಕೆ ಸಿಗುವ ಮಳೆನೀರು ಸುಮಾರು 21 ಲೀಟರ್ ಮಾತ್ರ. ಅವರಿಗೆ ನನ್ನ ಸಲಹೆಯೂ ಬೇರೆ: ಪ್ರತಿ ಮನೆಗೆ ಪ್ರತ್ಯೇಕ ಮೀಟರ್, ನಲ್ಲಿಗಳಿಗೆ ಏರೇಟರ್, ಹಳೆಯ ಹತ್ತು ಲೀಟರಿನ ಫ್ಲಶ್ ಬದಲು ಮೂರು ಮತ್ತು ಆರು ಲೀಟರಿನ ಎರಡು ಗುಂಡಿಯ ಫ್ಲಶ್, ಕೊಳಚೆ ಶುದ್ಧೀಕರಣ ಘಟಕದ ನೀರಿನ ಮರುಬಳಕೆ. ಚದರಡಿ ಲೆಕ್ಕದಲ್ಲಿ ನೀರಿನ ಖರ್ಚು ಹಂಚುವವರೆಗೆ ಉಳಿಸಿದವರಿಗೂ ಹರಿಸಿದವರಿಗೂ ಒಂದೇ ಬಿಲ್ಲು. ಮೀಟರ್ ಬಂದ ದಿನ ಸೋರುವ ನಲ್ಲಿಗೆ ಒಬ್ಬ ಹೊಣೆಗಾರ ಸಿಗುತ್ತಾನೆ.

ಇನ್ನು ವಾಸ್ತು. ಈಶಾನ್ಯದಲ್ಲೇ ಸಂಪು ಇರಬೇಕೆಂದು ನಂಬುವವರು ಹಾಗೇ ಕಟ್ಟಿಸಲಿ, ಅದರಿಂದ ಮನೆಗೆ ಹಾನಿಯಿಲ್ಲ. ಆದರೆ ಸೈಟಿನ ನೆಲ ನೈಋತ್ಯಕ್ಕೆ ಇಳಿಯುತ್ತಿದ್ದರೆ ಮಳೆನೀರು ಅತ್ತಲೇ ಹೋಗುತ್ತದೆ. ಅಲ್ಲಿ ಅದಕ್ಕೊಂದು ಚರಂಡಿ ಬಿಡಲೇಬೇಕು. ನಂಬಿಕೆ ಸಂಪಿನ ಸ್ಥಾನ ಹೇಳಲಿ, ನೆಲದ ಓಟ ಚರಂಡಿಯ ಸ್ಥಾನ ಹೇಳಲಿ. ‘ಪ್ರವಾಹ ತಡೆಯುವುದು ಪಾಲಿಕೆಯ ಕೆಲಸ, ಒಬ್ಬ ಮನೆಯವನು ಏನು ಮಾಡಿಯಾನು’ ಎಂಬುದೂ ಅರ್ಧ ಸತ್ಯ. ರಾಜಕಾಲುವೆ ತೆರವು, ಹೂಳೆತ್ತುವಿಕೆ ಪಾಲಿಕೆಯದೇ ಹೊಣೆ, ಅದನ್ನು ಕೇಳುತ್ತಲೇ ಇರಬೇಕು. ಆದರೆ ಬೀದಿಯ ನೂರು ತಾರಸಿಗಳು ಒಂದಿಂಚು ಮಳೆಯ 2,300 ಲೀಟರನ್ನು ತಮ್ಮಲ್ಲೇ ಹಿಡಿದರೆ ಆ ಬೀದಿಯ ಚರಂಡಿಗೆ ಎರಡು ಲಕ್ಷ ಲೀಟರಿಗೂ ಹೆಚ್ಚು ಭಾರ ಕಡಿಮೆ.

ಹಾಗಾದರೆ ಕೈಯಲ್ಲಿರುವ ಹಣಕ್ಕೆ ಸರದಿ ಹೀಗಿರಲಿ. ಮೊದಲು ತಾರಸಿ ಮತ್ತು ಮಳೆನೀರು ಪೈಪು, ಆಮೇಲೆ ಬಚ್ಚಲು, ಕೊಳಾಯಿ, ಸಂಪಿನ ಸೋರಿಕೆ, ಮೂರನೆಯದಾಗಿ ಮನೆ ಸುತ್ತಲಿನ ನೆಲದ ಇಳಿಜಾರು ಮತ್ತು ಚರಂಡಿ, ನಾಲ್ಕನೆಯದಾಗಿ ಮಳೆನೀರಿನ ಸಂಗ್ರಹ. ಇವು ಮುಗಿದ ಮೇಲೆ ಅಡುಗೆಮನೆ, ನೆಲಹಾಸು, ಬಣ್ಣ. ಬಣ್ಣ ಹೊಡೆಸುವುದಾದರೂ ಗೋಡೆ ಒಂದು ಮಳೆಗಾಲ ಪೂರ್ತಿ ಒಣಗಿ ನಿಂತದ್ದನ್ನು ನೋಡಿ ಹೊಡೆಸಬೇಕು, ಆಗ ಆ ಬಣ್ಣ ತನ್ನ ಆಯುಸ್ಸನ್ನು ಪೂರೈಸುತ್ತದೆ. ತಿಂಗಳಿಗೊಂದು ಸಣ್ಣ ಮೊತ್ತವನ್ನು ಮನೆಯ ಹೆಸರಿನಲ್ಲಿ ಬೇರೆಯಿಟ್ಟು, ಒಂದು ನೋಟ್‌ಬುಕ್ಕಿನಲ್ಲಿ ಯಾವ ವರ್ಷ ಎಲ್ಲಿ ವಾಟರ್‌ಪ್ರೂಫಿಂಗ್ ಆಯಿತು, ಯಾವ ಗೋಡೆಯೊಳಗೆ ಯಾವ ಪೈಪು ಹೋಗಿದೆ, ಯಾವ ಮೇಸ್ತ್ರಿ ಮಾಡಿದ ಎಂದು ಬರೆದಿಟ್ಟರೆ ಮುಂದಿನ ರಿಪೇರಿ ಊಹೆಯ ಮೇಲೆ ನಡೆಯುವುದಿಲ್ಲ. ನಾಳೆ ಮನೆ ಮಾರುವುದಾದರೆ ಕೊಳ್ಳುವವರಿಗೆ ಆ ನೋಟ್‌ಬುಕ್ಕು ಹೊಸ ಬಣ್ಣಕ್ಕಿಂತ ಹೆಚ್ಚಿನ ಭರವಸೆ ಕೊಡುತ್ತದೆ, ಮಕ್ಕಳಿಗೆ ಬಿಟ್ಟುಹೋಗುವುದಾದರೆ ಮನೆಯ ಜೊತೆಗೆ ಅದನ್ನು ಕಾಪಾಡುವ ತಿಳಿವಳಿಕೆಯೂ ಅವರ ಕೈಸೇರುತ್ತದೆ. ಸಾಲದ ಇಪ್ಪತ್ತು ವರ್ಷ ಮುಗಿದಾಗ ಕೈಗೆ ಬರಬೇಕಾದದ್ದು ಗಟ್ಟಿಯಾದ ಮನೆ. ಮೊದಲ ರೂಪಾಯಿಯನ್ನು ನೀರಿಗೆ ಕೊಟ್ಟವರಿಗೆ ಆ ಮಾತು ನಿಜವಾಗುವ ಸಾಧ್ಯತೆ ಹೆಚ್ಚು.